ನಡುಗಡ್ಡೆಗೆ ದೋಣಿಯಲ್ಲಿ ಹೊರಟವರ ಪ್ರಶ್ನೆಗಳು

ಮಲ್ಪೆಯಿಂದ ಕಾರವಾರದ ತನಕ ಕಡಲೊಳಗಿರುವ ನಡುಗಡ್ಡೆಗಳಿಗೆ ಹಲವು ವರ್ಷಗಳಿಂದ ಹೋಗಿಬರುತ್ತಿದ್ದೇನೆ. ಊರಿಗೆ ಬಂದ ನೆಂಟರು, ಪತ್ರ ಬರೆದವರು, ದೋಣಿ ನಿಲ್ಲುವ ದಕ್ಕೆಯಲ್ಲಿ ಸಿಕ್ಕವರು ಕೇಳಿದ್ದನ್ನೇ ಕೇಳುತ್ತಾರೆ. ಅವರ ಮಾತಿನಲ್ಲೇ ಪ್ರಶ್ನೆಗಳನ್ನಿಟ್ಟು ಉತ್ತರ ಬರೆದಿದ್ದೇನೆ. ಮೊದಲ ಸಲ ಹೋಗುವವರಿಗೆ ಬೇಕಾದದ್ದು ಮೇಲಿದೆ, ಪಳಗಿದವರಿಗೆ ಬೇಕಾದದ್ದು ಕೊನೆಗೆ.

## ಮೊದಲ ಸಲ ಹೊರಟವರಿಗೆ

ನಮ್ಮ ಕರ್ನಾಟಕದಲ್ಲಿ ಅಂಥ ದ್ವೀಪಗಳು ಇವೆಯಾ? ನನಗೆ ಸೇಂಟ್ ಮೇರೀಸ್ ಬಿಟ್ಟು ಬೇರೆ ಗೊತ್ತಿಲ್ಲ.

ಇವೆ. ಮಲ್ಪೆಯ ಎದುರಿಗಿರುವ ಸೇಂಟ್ ಮೇರೀಸ್ ಕೂಡ ಒಂದೇ ದ್ವೀಪವಲ್ಲ, ಸಾಲಾಗಿ ಇರುವ ಸಣ್ಣ ನಡುಗಡ್ಡೆಗಳ ಗುಂಪು. ಊರಿನವರ ಬಾಯಲ್ಲಿ ಅದು ತೋನ್ಸೆಪಾರ್. ಪ್ರವಾಸಿಗರು ಇಳಿಯುವುದು ಅದರಲ್ಲಿ ತೆಂಗಿನ ಮರಗಳಿರುವ ಒಂದರಲ್ಲಿ ಮಾತ್ರ. ಮುರ್ಡೇಶ್ವರದಿಂದ ಹೊರಟರೆ ಸುಮಾರು 19 ಕಿಲೋಮೀಟರ್ ಒಳಗೆ ನೇತ್ರಾಣಿ. ಹೊನ್ನಾವರದ ಎದುರು ಕೆಂಪು ಮುರಕಲ್ಲಿನ ಕೋಟೆ ಹೊತ್ತ ಬಸವರಾಜ ದುರ್ಗ. ಕಾರವಾರದ ಎದುರು ಆಮೆಯ ಬೆನ್ನಿನಂತೆ ಕಾಣುವ ಕೂರ್ಮಗಡ, ದೀಪಸ್ತಂಭವಿರುವ ದೇವಗಡ. ಅಲ್ಲೇ ಹತ್ತಿರದ ಅಂಜುದೀವ್ ಆಡಳಿತದಲ್ಲಿ ಗೋವಾಕ್ಕೆ ಸೇರಿದ್ದು, ಈಗ ನೌಕಾನೆಲೆಯ ಭಾಗ. ಅದರ ಹತ್ತಿರ ಸುಳಿಯುವಂತಿಲ್ಲ.

ಗೋಕರ್ಣದ ಹಾಫ್ ಮೂನ್, ಪ್ಯಾರಡೈಸ್ ಕಡಲತೀರಗಳು ದ್ವೀಪಗಳಲ್ಲ. ಆದರೆ ರಸ್ತೆ ಇಲ್ಲದ ಕಾರಣ ಗುಡ್ಡ ಹತ್ತಿಳಿದು ಅಥವಾ ದೋಣಿಯಲ್ಲೇ ಹೋಗಬೇಕು. ಮೊದಲ ಸಲಕ್ಕೆ ಅವೇ ಒಳ್ಳೆಯವು ಎಂದು ನನಗನ್ನಿಸುತ್ತದೆ. ಕಡಲು ಕೈಕೊಟ್ಟರೆ ಕಾಲುದಾರಿಯಲ್ಲಾದರೂ ಹಿಂದಿರುಗಬಹುದು.

ಯಾವ ತಿಂಗಳು ಹೋಗಬೇಕು? ಮಳೆಗಾಲದಲ್ಲಿ ಕಡಲು ತುಂಬಾ ಚಂದ ಅಂತಾರಲ್ಲ?

ಮಳೆಗಾಲದ ಕಡಲು ಚಂದವೇ, ದಡದಲ್ಲಿ ನಿಂತು ನೋಡಲು. ನಮ್ಮಲ್ಲಿ ಯಾಂತ್ರೀಕೃತ ಮೀನುಗಾರಿಕೆಗೇ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಿಷೇಧವಿರುತ್ತದೆ. ಸೇಂಟ್ ಮೇರೀಸ್‌ಗೆ ಹೋಗುವ ಬೋಟುಗಳು ಅದಕ್ಕೂ ಮೊದಲೇ, ಸಾಮಾನ್ಯವಾಗಿ ಮೇ ಮಧ್ಯದಲ್ಲಿ ನಿಂತು ಸೆಪ್ಟೆಂಬರ್ ಮಧ್ಯದ ನಂತರ ಶುರುವಾಗುತ್ತವೆ. ಆ ವರ್ಷದ ದಿನಾಂಕವನ್ನು ದಕ್ಕೆಯಲ್ಲೇ ವಿಚಾರಿಸಿ. ಡಿಸೆಂಬರ್‌ನಿಂದ ಫೆಬ್ರವರಿ ತನಕ ಕಡಲು ಹೆಚ್ಚು ಸಮಾಧಾನದಲ್ಲಿರುತ್ತದೆ. ಅಕ್ಟೋಬರ್, ನವೆಂಬರ್‌ನಲ್ಲಿ ಅರಬ್ಬೀ ಸಮುದ್ರದಲ್ಲಿ ವಾಯುಭಾರ ಕುಸಿತ ಆಗುವುದುಂಟು. ಆಗ ಹೊರಡುವ ಹಿಂದಿನ ರಾತ್ರಿಯೂ ಒಮ್ಮೆ ಹವಾಮಾನದ ಸುದ್ದಿ ನೋಡಿ.

ಬೆಳಿಗ್ಗೆ ಆರೂವರೆಗೇ ಯಾಕೆ ಕರೀತೀರಿ? ಆರಾಮಾಗಿ ತಿಂಡಿ ತಿಂದು ಹತ್ತಕ್ಕೆ ಹೊರಟರೆ ಆಗಲ್ವಾ?

ಹೋಗುವುದಕ್ಕೆ ಹತ್ತು ಗಂಟೆಯೂ ಸರಿಯೇ. ಕಷ್ಟವಿರುವುದು ಬರುವುದರಲ್ಲಿ. ರಾತ್ರಿ ನೆಲ ಬೇಗ ತಣಿಯುತ್ತದೆ, ಆದ್ದರಿಂದ ಬೆಳಗಿನ ಜಾವ ಗಾಳಿ ನೆಲದಿಂದ ಕಡಲಿಗೆ ಮೆಲ್ಲಗೆ ಬೀಸುತ್ತದೆ. ಆಗ ನೀರು ಕೆರೆಯ ಹಾಗೆ ಬಿದ್ದಿರುತ್ತದೆ. ಬಿಸಿಲೇರಿದ ಹಾಗೆ ನೆಲ ಕಾದು ಗಾಳಿ ತಿರುಗುತ್ತದೆ. ಮಧ್ಯಾಹ್ನದ ಹೊತ್ತಿಗೆ ವಾಯವ್ಯದಿಂದ ಬೀಸಿ ಮೊಣಕಾಲುದ್ದದ ತೆರೆಗಳನ್ನು ಎಬ್ಬಿಸುತ್ತದೆ. ಬೆಳಿಗ್ಗೆ ಒಂದು ಗಂಟೆಯಲ್ಲಿ ಹೋದ ದಾರಿಗೆ ಸಂಜೆ ಒಂದೂವರೆ ಗಂಟೆ ಹಿಡಿಯುತ್ತದೆ, ಮೈಯೆಲ್ಲ ಒದ್ದೆ. ಬೇಗ ಹೊರಟರೆ ಬೇಗ ಬರಬಹುದು, ಅಷ್ಟೇ ಕಾರಣ.

ಅಲ್ಲಿ ಕುಡಿಯೋಕೆ, ತಿನ್ನೋಕೆ ಏನು ಸಿಗುತ್ತೆ?

ಸೇಂಟ್ ಮೇರೀಸ್ ಬಿಟ್ಟರೆ ಏನೂ ಇಲ್ಲ ಎಂದೇ ತಿಳಿದು ಹೊರಡಿ. ತಲೆಗೆ ಮೂರು ಲೀಟರ್ ನೀರು, ಹಾಳಾಗದ ಬುತ್ತಿ (ಅವಲಕ್ಕಿ, ಚಪಾತಿ, ಬಾಳೆಹಣ್ಣು, ಶೇಂಗಾ ಚಿಕ್ಕಿ), ಟೋಪಿ, ಉದ್ದ ತೋಳಿನ ಹತ್ತಿ ಅಂಗಿ, ಹಿಂದೆ ಪಟ್ಟಿ ಇರುವ ಚಪ್ಪಲಿ. ಹವಾಯಿ ಚಪ್ಪಲಿ ಬೇಡ, ಮೊದಲ ತೆರೆಗೇ ತೇಲಿಹೋಗುತ್ತದೆ. ಫೋನಿಗೆ ಗಟ್ಟಿಯಾಗಿ ಕಟ್ಟಿದ ಎರಡು ಪ್ಲಾಸ್ಟಿಕ್ ಚೀಲ ಸಾಕು. ಬುತ್ತಿ ಒಯ್ದ ಡಬ್ಬ ತಿರುಗಿ ಬರುವಾಗ ಕಸ ತುಂಬಲು ಬೇಕು, ಹಾಗಾಗಿ ಎಲೆ ಪೊಟ್ಟಣಕ್ಕಿಂತ ಸ್ಟೀಲ್ ಡಬ್ಬ ವಾಸಿ.

ಅಮ್ಮನಿಗೆ 68 ವರ್ಷ, ಮಗಳಿಗೆ 5. ಇಬ್ಬರನ್ನೂ ಕರ್ಕೊಂಡು ಹೋಗಬಹುದಾ?

ವಯಸ್ಸು ಅಡ್ಡಿಯಲ್ಲ, ದೋಣಿಯಿಂದ ಇಳಿಯುವುದು ಹೇಗೆ ಎಂಬುದೇ ಮುಖ್ಯ. ಜೆಟ್ಟಿ ಇಲ್ಲದ ಕಡೆ ದೋಣಿ ಮರಳಿಗೆ ಮೂತಿ ತಾಗಿಸಿ ನಿಲ್ಲುತ್ತದೆ. ಎರಡು ತೆರೆಗಳ ನಡುವಿನ ಬಿಡುವಿನಲ್ಲಿ ತೊಡೆಮಟ್ಟದ ನೀರಿಗೆ ಇಳಿಯಬೇಕು. ಮಂಡಿನೋವಿರುವ ಅಮ್ಮನಿಗೆ ಇದು ಕಷ್ಟ. ಅಂಥವರಿಗೆ ಸೇಂಟ್ ಮೇರೀಸ್ ಸಾಕು. ಅಲ್ಲಿಗೆ ಮಲ್ಪೆಯಿಂದ ದೊಡ್ಡ ಬೋಟಿದೆ, ಹತ್ತಿಸಿ ಇಳಿಸಲು ಜನರಿದ್ದಾರೆ. ಮಗುವಿಗೆ ಅದರ ಅಳತೆಯ ಲೈಫ್ ಜಾಕೆಟ್ ಇದೆಯೇ ಎಂದು ಮೊದಲೇ ಕೇಳಿ. ದೊಡ್ಡವರ ಜಾಕೆಟ್ ಮಗುವಿಗೆ ಹಾಕಿದರೆ ನೀರಿನಲ್ಲಿ ಅದು ಮೇಲೆ ಜಾರಿ ಮಗು ಕೆಳಗೆ ಹೋಗುತ್ತದೆ. ಸರಿಯಾದ ಜಾಕೆಟ್ ಇಲ್ಲ ಎಂದರೆ ಮಗುವನ್ನು ಕರೆದೊಯ್ಯಬೇಡಿ.

ಇಳಿಯುವಾಗ ಇನ್ನೊಂದು ಮಾತು. ದೋಣಿಗೂ ದಡಕ್ಕೂ ನಡುವೆ ಯಾವತ್ತೂ ನಿಲ್ಲಬೇಡಿ. ತೆರೆ ಬಂದರೆ ದೋಣಿಯೇ ನಿಮ್ಮ ಮೇಲೆ ಬರುತ್ತದೆ. ಪಕ್ಕಕ್ಕೆ ಸರಿದು ನಡೆಯಿರಿ.

ನನಗೆ ಬಸ್ಸಲ್ಲೇ ವಾಂತಿ ಬರುತ್ತೆ. ದೋಣಿಯಲ್ಲಿ ಗತಿಯೇನು?

ಹೊಟ್ಟೆ ಖಾಲಿ ಇಡಬೇಡಿ, ತುಂಬಿಸಲೂ ಬೇಡಿ. ಎರಡು ಇಡ್ಲಿ ಸಾಕು, ಎಣ್ಣೆಯದ್ದು ಬೇಡ. ದೋಣಿಯ ಹಿಂಭಾಗದ ಕಡೆ, ನಡುಮಧ್ಯಕ್ಕೆ ಹತ್ತಿರ ಕುಳಿತುಕೊಳ್ಳಿ. ಕುಲುಕಾಟ ಹೆಚ್ಚಿರುವುದು ಮೂತಿಯಲ್ಲಿ. ಫೋನು ನೋಡದೆ ದೂರದ ಗುಡ್ಡವನ್ನೋ ದಿಗಂತವನ್ನೋ ನೋಡುತ್ತಿರಿ. ಮಾತ್ರೆ ನುಂಗುವುದಿದ್ದರೆ ವೈದ್ಯರನ್ನು ಕೇಳಿ, ಹೊರಡುವ ಮುಂಚೆಯೇ ನುಂಗಿ. ವಾಂತಿ ಶುರುವಾದ ಮೇಲೆ ಅದರಿಂದ ಉಪಯೋಗ ಕಡಿಮೆ.

## ದೋಣಿ, ಅದನ್ನು ನಡೆಸುವ ತಾಂಡೇಲ, ಕಡಲು

ದೋಣಿ ಒಳ್ಳೆಯದಾ ಅಂತ ನಮ್ಮಂಥ ಘಟ್ಟದ ಮೇಲಿನವರಿಗೆ ಹೇಗೆ ಗೊತ್ತಾಗಬೇಕು?

ದೋಣಿ ನೋಡಿ ತಿಳಿಯುವುದು ಕಷ್ಟ, ಕೇಳಿ ತಿಳಿಯಬಹುದು. ಎಷ್ಟು ಜನ ಹತ್ತುತ್ತಾರೆ, ಅಷ್ಟೂ ಜನಕ್ಕೆ ಜಾಕೆಟ್ ಇದೆಯೇ, ಎಂಜಿನ್ ಕೆಟ್ಟರೆ ಏನು ಮಾಡುತ್ತೀರಿ, ಲಂಗರು ಮತ್ತು ಹಗ್ಗ ಇದೆಯೇ, ವಾಪಸ್ ಎಷ್ಟು ಹೊತ್ತಿಗೆ. ಈ ಐದಕ್ಕೆ ನೆಟ್ಟಗೆ ಉತ್ತರ ಬಂದರೆ ಹತ್ತಿ. ಹೋಗಲು, ಬರಲು, ಅದರ ಮೇಲೆ ಇನ್ನೂ ಮೂರನೇ ಒಂದು ಪಾಲು ಇಂಧನ ಇರಬೇಕು ಎಂಬುದು ಹಳೆಯ ಲೆಕ್ಕ.

ಜನರ ಸಂಖ್ಯೆಯ ವಿಷಯದಲ್ಲಿ ನಾನು ಹಟ ಹಿಡಿಯುತ್ತೇನೆ. 2019ರ ಜನವರಿ 21ರಂದು ಕೂರ್ಮಗಡದ ನರಸಿಂಹ ದೇವರ ಜಾತ್ರೆ ಮುಗಿಸಿ ಕಾರವಾರಕ್ಕೆ ಮರಳುತ್ತಿದ್ದ ದೋಣಿ ಮಗುಚಿ 16 ಮಂದಿ ತೀರಿಕೊಂಡರು, ಮಕ್ಕಳೂ ಇದ್ದರು. ದಡ ಕಾಣುತ್ತಿತ್ತು. ಹೊತ್ತುಕೊಳ್ಳಬೇಕಾದ್ದಕ್ಕಿಂತ ಹೆಚ್ಚು ಜನರನ್ನು ಹೊತ್ತ ದೋಣಿ ನಿಂತ ನೀರಿನಲ್ಲಿ ಸರಿಯಾಗೇ ತೇಲುತ್ತದೆ, ಒಂದು ಅಡ್ಡ ತೆರೆ ಬಡಿದು ಎಲ್ಲರೂ ಒಂದೇ ಕಡೆ ವಾಲಿದಾಗ ಅದರ ಬಣ್ಣ ಬಯಲಾಗುತ್ತದೆ. 'ಇನ್ನಿಬ್ಬರು ಅಡ್ಜಸ್ಟ್ ಮಾಡ್ಕೊಳ್ಳಿ' ಎಂಬ ಮಾತು ಕೇಳಿದರೆ ಇಳಿದುಬಿಡಿ.

ಜಾಕೆಟ್ ಹಾಕಿದ್ರೆ ಫೋಟೊ ಚೆನ್ನಾಗಿ ಬರಲ್ಲ. ನನಗೆ ಈಜು ಬರುತ್ತೆ, ಆದ್ರೂ ಹಾಕಲೇಬೇಕಾ?

ಹಾಕಲೇಬೇಕು, ಪಟ್ಟಿ ಬಿಗಿದು. ದೋಣಿ ಮಗುಚಿದರೆ ಮೊದಲು ತಲೆಗೆ ಪೆಟ್ಟು ಬೀಳುವುದು ದೋಣಿಯ ಅಂಚಿನಿಂದಲೇ. ಪ್ರಜ್ಞೆ ತಪ್ಪಿದವನಿಗೆ ಈಜು ನೆನಪಿರುವುದಿಲ್ಲ. ಫೋಟೊ ನಡುಗಡ್ಡೆಯ ಮೇಲೆ ತೆಗೆಯಿರಿ.

ಬೆಂಗಳೂರಿಂದ ರಾತ್ರಿಯೆಲ್ಲಾ ಬಸ್ಸಲ್ಲಿ ಬಂದ್ವಿ, ಮುಂಗಡಾನೂ ಕೊಟ್ಟಿದ್ವಿ. ತಾಂಡೇಲರು 'ಇವತ್ತು ಬೇಡ' ಅಂದ್ರು. ಬೇರೆ ದೋಣಿ ನೋಡಬಹುದಾ?

ಬೇಡ. ತಾಂಡೇಲ ಬೇಡವೆಂದರೆ ಆ ದಿನದ ದುಡಿಮೆಯನ್ನು ಅವರೇ ಬಿಟ್ಟುಕೊಟ್ಟ ಹಾಗೆ. ಆದ್ದರಿಂದಲೇ ಆ ಮಾತಿಗೆ ಬೆಲೆ ಹೆಚ್ಚು. ದಡದಲ್ಲಿ ನಿಂತ ನಮಗೆ ಕಡಲು ಶಾಂತವಾಗಿ ಕಾಣಬಹುದು. ಅವರು ನೋಡುವುದು ನದಿ ಕಡಲು ಸೇರುವ ಅಳಿವೆಯ ಬಾಯಲ್ಲಿ ತೆರೆ ಎಲ್ಲಿ ಮುರಿಯುತ್ತಿದೆ ಎಂಬುದನ್ನು, ತೆರೆಗಳ ನಡುವಿನ ಬಿಡುವನ್ನು.

ಒಮ್ಮೆ ಹೀಗೆಯೇ ಒತ್ತಾಯಿಸಿದ್ದು ನಾನು. ಬೇಡ ಎಂದಿದ್ದರು, ದೂರದಿಂದ ಬಂದ ನೆಂಟರಿದ್ದಾರೆ ಎಂದು ಕಾಡಿ ಒಪ್ಪಿಸಿದೆ. ಅಲ್ಲಿ ಹೋದ ಮೇಲೆ ಹೊರಡೋಣ ಎಂದು ಅವರು ಎರಡು ಸಲ ಕರೆದರೂ ಇನ್ನರ್ಧ ಗಂಟೆ ಎಂದೆ. ಮರಳುವಾಗ ಗಾಳಿ ಎದ್ದು, ದೋಣಿಗೆ ನುಗ್ಗಿದ ನೀರನ್ನು ಚೊಂಬಿನಲ್ಲಿ ಎತ್ತಿ ಎತ್ತಿ ಸುರಿಯಬೇಕಾಯಿತು. ಚಿಕ್ಕಮ್ಮ ನನ್ನ ಕೈ ಹಿಡಿದ ಬಿಗಿಗೆ ಉಗುರಿನ ಗುರುತು ಎರಡು ದಿನ ಇತ್ತು. ದಕ್ಕೆ ಮುಟ್ಟಿದ ಮೇಲೆ ಆ ತಾಂಡೇಲರು ಒಂದು ಮಾತೂ ಬೈಯಲಿಲ್ಲ, ದೋಣಿ ತೊಳೆಯಲು ಕೂತರು. ಅಂದಿನಿಂದ ಅವರು ಹೇಳಿದ ಹೊತ್ತೇ ನನ್ನ ಹೊತ್ತು. ಒಂದು ದಿನ ಹೆಚ್ಚು ಇಟ್ಟುಕೊಂಡೇ ಬನ್ನಿ. ಒಂದೇ ದಿನದ ರಜೆಯಲ್ಲಿ ನಡುಗಡ್ಡೆಗೆ ಹೊರಡುವವರೇ ಹೀಗೆ ಕಾಡುವುದು.

ಉಬ್ಬರ ಇಳಿತ ನೋಡ್ಕೊಂಡು ಹೋಗಿ ಅಂತೀರಿ. ನಮಗೆ ಅದು ಹೇಗೆ ತಿಳಿಯೋದು?

ಕ್ಯಾಲೆಂಡರಿನ ಚಂದ್ರನಿಂದಲೇ ಅರ್ಧ ತಿಳಿಯುತ್ತದೆ. ನಮ್ಮ ಕಡಲಿನಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಪ್ರತಿದಿನ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸು ನೀರು ಹೆಚ್ಚು ಏರುತ್ತದೆ, ಹೆಚ್ಚು ಇಳಿಯುತ್ತದೆ. ಅಷ್ಟಮಿಯ ಹೊತ್ತಿಗೆ ಈ ವ್ಯತ್ಯಾಸ ಕಡಿಮೆ. ನಡುಗಡ್ಡೆಯ ಸಣ್ಣ ಮರಳ ಪಟ್ಟಿಗೆ ಇದರಿಂದ ಬಹಳ ವ್ಯತ್ಯಾಸವಾಗುತ್ತದೆ. ಬೆಳಿಗ್ಗೆ ಚಾಪೆ ಹಾಸಿದ ಜಾಗದಲ್ಲಿ ಮಧ್ಯಾಹ್ನ ನೀರು. ಒಣಗಿದ ಕಸ, ಕಡ್ಡಿ, ಚಿಪ್ಪುಗಳ ಗೆರೆ ಎಲ್ಲಿದೆಯೋ ಅಲ್ಲಿಯವರೆಗೆ ನೀರು ಬಂದಿತ್ತು ಎಂದರ್ಥ. ಸಾಮಾನು ಅದರಿಂದ ಮೇಲಿಡಿ.

ಅಳಿವೆ ದಾಟುವಾಗ ಎಲ್ರೂ ಯಾಕೆ ಮಾತು ನಿಲ್ಲಿಸ್ತಾರೆ?

ನದಿ ಕಡಲು ಸೇರುವ ಅಳಿವೆಯಲ್ಲಿ ನದಿ ತಂದ ಮರಳು ದಿಬ್ಬವಾಗಿ ಕೂರುತ್ತದೆ. ಒಳಬರುವ ತೆರೆ ಅಲ್ಲಿ ಎಡವಿ ಏಳುತ್ತದೆ. ನೀರು ಇಳಿಯುವಾಗ ಹೊರನುಗ್ಗುವ ನದಿಯೂ ಒಳಬರುವ ತೆರೆಯೂ ಎದುರಾದರೆ ತೆರೆ ಇನ್ನಷ್ಟು ಕಡಿದಾಗುತ್ತದೆ. ಶರಾವತಿ ಅಳಿವೆಯಲ್ಲಿ ಪಳಗಿದ ಮೀನುಗಾರರ ದೋಣಿಗಳೇ ಮಗುಚಿವೆ. ಮರಳಿನ ದಿಬ್ಬ ಪ್ರತಿ ಮಳೆಗಾಲಕ್ಕೂ ಜಾಗ ಬದಲಿಸುವುದರಿಂದ ಹೋದ ವರ್ಷದ ದಾರಿ ಈ ವರ್ಷಕ್ಕೆ ಆಗುವುದಿಲ್ಲ. ಆ ಐದು ನಿಮಿಷ ತಾಂಡೇಲರನ್ನು ಮಾತಿಗೆಳೆಯಬೇಡಿ, ಎದ್ದು ನಿಲ್ಲಬೇಡಿ.

## ನಡುಗಡ್ಡೆಯ ಮೇಲೆ

ನೀರು ಅಷ್ಟು ತಿಳಿಯಾಗಿದೆ, ಈಜಬಹುದಲ್ವಾ?

ತಾಂಡೇಲರು ತೋರಿಸಿದ ಕಡೆ, ಸೊಂಟಮಟ್ಟದ ನೀರಿನ ತನಕ. ನಡುಗಡ್ಡೆಯ ಪಶ್ಚಿಮಕ್ಕೆ ತೆರೆದ ಕಡಲಿರುತ್ತದೆ, ತೆರೆಗಳು ಅಡ್ಡಿಯಿಲ್ಲದೆ ಬಂಡೆಗೆ ಬಡಿಯುತ್ತವೆ. ಪೂರ್ವದ ಮಗ್ಗುಲು ಸಾಮಾನ್ಯವಾಗಿ ಶಾಂತ, ಆದರೆ ನಡುಗಡ್ಡೆಯ ಎರಡು ತುದಿಗಳಲ್ಲಿ ಸೆಳೆತ ಜೋರು.

ನಿಜವಾದ ಅಪಾಯ ಬಂಡೆಯ ಮೇಲೆ. ಹತ್ತು ತೆರೆ ಸಣ್ಣವು ಬಂದು ಹನ್ನೊಂದನೆಯದು ಎರಡಾಳೆತ್ತರ ಬರುವುದು ಕಡಲಿನ ರೂಢಿ. ಪಾಚಿ ಕಟ್ಟಿದ ಕಪ್ಪು ಬಂಡೆ ಅಂದರೆ ಅಲ್ಲಿಗೆ ನೀರು ಬರುತ್ತದೆ ಎಂದೇ ಅರ್ಥ. 2022ರ ಏಪ್ರಿಲ್‌ನಲ್ಲಿ ಸೇಂಟ್ ಮೇರೀಸ್‌ನಲ್ಲಿ ಕಾಲೇಜು ಪ್ರವಾಸಕ್ಕೆ ಬಂದಿದ್ದ ಮೂವರು ವಿದ್ಯಾರ್ಥಿಗಳು ನೀರುಪಾಲಾದರು. ಆ ಮಕ್ಕಳ ವಯಸ್ಸು ನೆನೆದರೆ ಇಂದಿಗೂ ಸಂಕಟವಾಗುತ್ತದೆ. ಕಡಲಿಗೆ ಬೆನ್ನು ಹಾಕಿ ಫೋಟೊಗೆ ನಿಲ್ಲಬೇಡಿ.

ಸೇಂಟ್ ಮೇರೀಸ್‌ನ ಆ ಕಲ್ಲು ಕಂಬಗಳನ್ನು ಯಾರು ಕೆತ್ತಿದ್ದು?

ಯಾರೂ ಅಲ್ಲ. ಅದು ಲಾವಾರಸ ತಣಿದು ಒಡೆದ ರೀತಿ. ಕೆರೆ ಬತ್ತಿದಾಗ ಕೆಸರು ಒಣಗಿ ಹೋಳುಹೋಳಾಗಿ ಬಿರುಕು ಬಿಡುವುದನ್ನು ನೋಡಿದ್ದೀರಲ್ಲ, ಅದೇ ಕೆಲಸ ಇಲ್ಲಿ ಕಲ್ಲಿನಲ್ಲಿ ಆಗಿದೆ. ತಣಿದ ಲಾವಾ ಕುಗ್ಗುತ್ತದೆ, ಬಿರುಕುಗಳು ಕೂಡಿ ಐದು, ಆರು, ಏಳು ಮುಖದ ಕಂಬಗಳಾಗುತ್ತವೆ, ಬಿರುಕು ಮೇಲಿನಿಂದ ಕೆಳಗೆ ಇಳಿಯುತ್ತದೆ. ಬಹಳ ಜನ ಇದನ್ನು ಸಾಮಾನ್ಯ ಲಾವಾಕಲ್ಲಾದ ಬಸಾಲ್ಟ್ ಎನ್ನುತ್ತಾರೆ. ಆದರೆ ಇದು ಸಿಲಿಕಾ ಹೆಚ್ಚಿರುವ ರಯೋಲೈಟ್ ಜಾತಿಯ ಲಾವಾ, ಆದ್ದರಿಂದಲೇ ಕಂಬಗಳು ಇನ್ನೂ ಅಪರೂಪ. ವಯಸ್ಸು ಎಂಟೂವರೆಯಿಂದ ಒಂಬತ್ತು ಕೋಟಿ ವರ್ಷ. ಮಡಗಾಸ್ಕರ್ ನಮ್ಮ ನೆಲದಿಂದ ಬಿಟ್ಟು ಹೋದ ಕಾಲದ್ದು. ಅಂದರೆ ನೀವು ಕೂತ ಕಂಬದ ಆಚೆ ಅರಬ್ಬೀ ಸಮುದ್ರ ಇರಲಿಲ್ಲ, ಇನ್ನೊಂದು ನೆಲವಿತ್ತು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಸಾರಿದೆ. 1498ರಲ್ಲಿ ವಾಸ್ಕೊ ಡ ಗಾಮಾ ಇಲ್ಲಿಳಿದು ಶಿಲುಬೆ ನೆಟ್ಟು ಮೇರಿಯ ಹೆಸರಿಟ್ಟ ಎಂಬ ಪ್ರತೀತಿ ಇದೆ. ಹೆಸರು ಗೀಚಲು ಮೊಳೆ ತರುವವರನ್ನು ಕಂಡರೆ ದಯವಿಟ್ಟು ತಡೆಯಿರಿ.

ಮಗಳು ಚಿಪ್ಪು ಆರಿಸಿಕೊಂಡಿದ್ದಾಳೆ. ತರಬಹುದಾ?

ಹವಳ, ಕಡಲ ಕುದುರೆ, ಕಡಲ ಸೌತೆ, ಕೆಲವು ದೊಡ್ಡ ಶಂಖಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ಸತ್ತ ಹವಳದ ತುಂಡೂ ಅದರಲ್ಲಿ ಸೇರಿತು. ಸಾಮಾನ್ಯ ಚಿಪ್ಪುಗಳ ಮಾತು ಬೇರೆ, ಆದರೂ ಅಲ್ಲೇ ಬಿಡಿ ಎಂದು ನಾನು ಹೇಳುತ್ತೇನೆ. ಖಾಲಿ ಶಂಖ ಎಂದು ನಾವು ಎತ್ತಿಕೊಳ್ಳುವುದು ಸನ್ಯಾಸಿ ಏಡಿಗೆ ಮನೆ. ಅದರ ಮೆತ್ತನೆಯ ಹಿಂಭಾಗಕ್ಕೆ ತನ್ನದೇ ಗಟ್ಟಿ ಕವಚವಿಲ್ಲ. ಮಗಳಿಗೆ ಒಂದು ಶಂಖವನ್ನು ಮರಳಿನಲ್ಲಿಟ್ಟು ಐದು ನಿಮಿಷ ಅಲುಗಾಡದೆ ಕಾಯಲು ಹೇಳಿ. ಒಳಗಿನಿಂದ ಕಾಲು ಹೊರಬಂದರೆ ಅವಳೇ ಉಳಿದದ್ದನ್ನೂ ಬಿಟ್ಟುಬರುತ್ತಾಳೆ.

ಹೆಂಗಸರಿಗೆ ಶೌಚಕ್ಕೆ ಏನು ವ್ಯವಸ್ಥೆ? ಯಾರೂ ಇದನ್ನ ಬರೆಯೋದೇ ಇಲ್ಲ.

ಅಭಿವೃದ್ಧಿಯಾಗದ ನಡುಗಡ್ಡೆಯಲ್ಲಿ ವ್ಯವಸ್ಥೆ ಇಲ್ಲ. ನೀರು ಕುಡಿಯುವುದನ್ನು ಮಾತ್ರ ಕಡಿಮೆ ಮಾಡಬೇಡಿ. ಬಿಸಿಲಿನಲ್ಲಿ ತಲೆಸುತ್ತಿ ಬೀಳುವವರಲ್ಲಿ ಹೀಗೆ ನೀರು ಬಿಟ್ಟ ಹೆಂಗಸರನ್ನು ನಾನೇ ಕಂಡಿದ್ದೇನೆ. ದಕ್ಕೆಯಲ್ಲಿ ಮುಗಿಸಿ ಹೊರಡಿ, ಗುಂಪಿನಲ್ಲಿ ಒಂದು ಹಳೇ ಸೀರೆ ಇಟ್ಟುಕೊಂಡರೆ ಮರೆಗೂ ನೆರಳಿಗೂ ಆಗುತ್ತದೆ. ಪ್ಯಾಡುಗಳನ್ನು ಮುಚ್ಚಳವಿರುವ ಡಬ್ಬದಲ್ಲಿ ವಾಪಸ್ ತನ್ನಿ. ನಾಲ್ಕೈದು ಗಂಟೆಗಿಂತ ಹೆಚ್ಚು ನಿಲ್ಲುವ ಯೋಜನೆ ಹಾಕದಿರುವುದೇ ಎಲ್ಲಕ್ಕಿಂತ ಸುಲಭ.

ಕಾಲಿಗೆ ಏನೋ ಚುಚ್ಚಿತು, ಉರೀತಿದೆ. ಏನು ಮಾಡ್ಬೇಕು?

ಬಂಡೆಯ ಮೇಲಿನ ಸಿಂಪಿಯ ಚಿಪ್ಪು ಕೊಯ್ದಿದ್ದರೆ ಕುಡಿಯುವ ನೀರಿನಲ್ಲಿ ಚೆನ್ನಾಗಿ ತೊಳೆದು ಕಟ್ಟಿ, ಊರಿಗೆ ಬಂದು ಟಿಟಿ ಇಂಜೆಕ್ಷನ್ ವಿಚಾರಿಸಿ. ಆ ಗಾಯ ಬೇಗ ಕೀವಾಗುತ್ತದೆ. ಮರಳಲ್ಲಿ ಅಡಗುವ ಚಪ್ಪಟೆ ತೊರಕೆ ಮೀನಿನ ಮುಳ್ಳಾದರೆ ಚರ್ಮ ಸುಡದಷ್ಟು ಬಿಸಿ ನೀರಿನಲ್ಲಿ ಕಾಲಿಟ್ಟರೆ ನೋವು ಇಳಿಯುತ್ತದೆ, ನಂತರ ಆಸ್ಪತ್ರೆ. ಮರಳಲ್ಲಿ ಕಾಲೆತ್ತಿ ಹೆಜ್ಜೆ ಹಾಕದೆ ಎಳೆದು ನಡೆದರೆ ತೊರಕೆ ತಾನೇ ಸರಿದುಹೋಗುತ್ತದೆ. ಜೆಲ್ಲಿ ಮೀನು ತಾಗಿದರೆ ಉಜ್ಜಬೇಡಿ, ಅಂಟಿದ ಎಳೆಗಳನ್ನು ಬರಿಗೈಯಲ್ಲಿ ಮುಟ್ಟಬೇಡಿ. ಉಸಿರಾಟ ಕಷ್ಟವಾದರೆ ಕೂಡಲೇ ದೋಣಿ ಹೊರಡಿಸಿ.

ರಾತ್ರಿ ಟೆಂಟ್ ಹಾಕಿ ನಕ್ಷತ್ರ ನೋಡೋ ಆಸೆ. ಆಗುತ್ತಾ?

ಸೇಂಟ್ ಮೇರೀಸ್‌ನಲ್ಲಿ ಆಗುವುದಿಲ್ಲ, ಸಂಜೆಯೊಳಗೆ ಎಲ್ಲರೂ ಹಿಂದಿರುಗಬೇಕು. ಉಳಿದ ಕಡೆಯೂ ಅನುಮತಿಯಿಲ್ಲದೆ ಬೇಡ. 2008ರಲ್ಲಿ ಮುಂಬೈ ದಾಳಿಕೋರರು ಕಡಲ ದಾರಿಯಲ್ಲೇ ಬಂದ ಮೇಲೆ, ರಾತ್ರಿ ನಿರ್ಜನ ನಡುಗಡ್ಡೆಯಲ್ಲಿ ಬೆಳಕು ಕಂಡರೆ ಕರಾವಳಿ ಕಾವಲು ಪೊಲೀಸರು ಬರುವುದು ಅವರ ಕರ್ತವ್ಯ. ನಕ್ಷತ್ರಕ್ಕೆ ಅಮಾವಾಸ್ಯೆಯ ರಾತ್ರಿ, ದೀಪವಿಲ್ಲದ ಯಾವುದಾದರೂ ದಡ ಸಾಕು.

## ಪಳಗಿದವರ ಪ್ರಶ್ನೆಗಳು

ನೇತ್ರಾಣಿಯಲ್ಲಿ ಡೈವಿಂಗ್ ಮಾಡಿದ್ವಿ, ಆದ್ರೆ ದ್ವೀಪದ ಮೇಲೆ ಇಳಿಸಲಿಲ್ಲ. ಯಾಕೆ?

ಅಲ್ಲಿ ಇಳಿಯಲು ಮರಳೇ ಇಲ್ಲ, ಕಡಿದಾದ ಬಂಡೆ ನೇರ ನೀರಿಗಿಳಿದಿದೆ. ಅದಕ್ಕಿಂತ ದೊಡ್ಡ ಕಾರಣ ಎಂದರೆ ನೌಕಾಪಡೆ ಈ ದ್ವೀಪವನ್ನು ಗುರಿ ಅಭ್ಯಾಸಕ್ಕೆ ಬಳಸುತ್ತಿತ್ತು, ಸಿಡಿಯದ ಗುಂಡುಗಳು ಉಳಿದಿರಬಹುದು. ಬಿಳಿಹೊಟ್ಟೆಯ ಕಡಲ ಹದ್ದು ಅಲ್ಲಿ ಗೂಡು ಕಟ್ಟುತ್ತದೆ. ಮೀನುಗಾರರು ವರ್ಷಕ್ಕೊಮ್ಮೆ ಹೋಗಿ ಹರಕೆ ಒಪ್ಪಿಸಿ ಬರುವ ದೇವರೂ ಅಲ್ಲಿದೆ. ಅವರಿಗೆ ಆ ಬಂಡೆಯ ಕಾಲುದಾರಿ ತಲೆಮಾರಿನಿಂದ ಗೊತ್ತು. ನಮಗೆ ನೀರಿನೊಳಗಿನ ಹವಳ, ಮೀನು ಸಾಕು.

ನನ್ನದೇ ಕಯಾಕ್ ಇದೆ. ಒಬ್ಬನೇ ಹೋಗಿಬರಲಾ?

ಒಬ್ಬರೇ ಬೇಡ. ಮೊದಲ ಕೆಲವು ಸಲ ಎಂಜಿನ್ ದೋಣಿಯೊಂದು ಜೊತೆಗಿರಲಿ. ಬೆಳಗಿನ ಗಾಳಿ ನೆಲದಿಂದ ಕಡಲಿಗೆ ತಳ್ಳುತ್ತದೆ, ಹೋಗುವುದು ಸಲೀಸು ಅನ್ನಿಸಿ ದೂರದ ಅಂದಾಜು ತಪ್ಪುತ್ತದೆ. ಮೀನುಗಾರಿಕಾ ಬೋಟುಗಳ ದಾರಿಗೆ ಅಡ್ಡ ಹೋಗಬೇಡಿ. ನೀರಿನ ಮಟ್ಟದಲ್ಲಿರುವ ಕಯಾಕ್ ಅವರ ಕಣ್ಣಿಗೆ ಬೀಳುವುದಿಲ್ಲ, ಕಡು ಕಿತ್ತಳೆ ಬಣ್ಣದ ಬಟ್ಟೆ ತೊಡಿ. ಬಲೆಯ ಗುರುತಿಗೆ ತೇಲಬಿಟ್ಟ ಬೂಯಿ ಕಂಡರೆ ಸುತ್ತಿ ಹೋಗಿ. ಸಣ್ಣ ಎಂಜಿನ್ ದೋಣಿಯವರು ಲಂಗರು ಹಾಕುವಾಗ ನೀರಿನ ಆಳದ ಕನಿಷ್ಠ ಐದು ಪಟ್ಟು ಹಗ್ಗ ಬಿಡಿ. ನೆಟ್ಟಗೆ ನಿಂತ ಹಗ್ಗ ಲಂಗರನ್ನು ಕಿತ್ತುಬಿಡುತ್ತದೆ. ಹವಳ, ಬಂಡೆಯ ಮೇಲೆ ಬೇಡ, ಮರಳಿನ ತಳ ನೋಡಿ ಹಾಕಿ.

ಗಾಳಿಯೇ ಇಲ್ಲ, ಮೋಡವೂ ಇಲ್ಲ, ಆದ್ರೂ ಕಡಲು ಉಕ್ಕುತ್ತಿತ್ತು. ಇದು ಹೇಗೆ?

ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಸಾವಿರಾರು ಕಿಲೋಮೀಟರ್ ಆಚೆ ಎದ್ದ ಬಿರುಗಾಳಿಯ ತೆರೆಗಳು ಕೆಲವು ದಿನಗಳ ನಂತರ ನಮ್ಮ ದಡ ಮುಟ್ಟುತ್ತವೆ. ಕೇರಳದ ಮೀನುಗಾರರು ಇದನ್ನು ಕಳ್ಳಕಡಲು ಎನ್ನುತ್ತಾರೆ, ಕಳ್ಳನ ಹಾಗೆ ಸದ್ದಿಲ್ಲದೆ ಬರುವುದರಿಂದ. ಮಳೆಗಾಲಕ್ಕೆ ಮುಂಚಿನ ಏಪ್ರಿಲ್, ಮೇ ತಿಂಗಳಲ್ಲಿ ಹೆಚ್ಚು. ಆಕಾಶ ನೋಡಿ ಇದನ್ನು ತಿಳಿಯಲಾಗದು. ಹೈದರಾಬಾದಿನಲ್ಲಿರುವ ಇಂಕಾಯ್ಸ್ ಸಂಸ್ಥೆ ಜಿಲ್ಲೆವಾರು ಎತ್ತರದ ತೆರೆಗಳ ಮುನ್ಸೂಚನೆ ಕೊಡುತ್ತದೆ. ಅದನ್ನು ನೋಡಿಯೇ ಹೊರಡಿ. ಎಚ್ಚರಿಕೆ ಇದ್ದ ದಿನ ದಕ್ಕೆಯಲ್ಲಿ ಯಾರು ಒಪ್ಪಿದರೂ ನೀವು ಒಪ್ಪಬೇಡಿ.

ಲಕ್ಷದ್ವೀಪ, ಅಂಡಮಾನ್‌ಗೂ ಇದೇ ಲೆಕ್ಕ ಸಾಕಾ?

ಕಡಲಿನ ಲೆಕ್ಕ ಅದೇ, ಕಾಗದದ ಲೆಕ್ಕ ಬೇರೆ. ಲಕ್ಷದ್ವೀಪಕ್ಕೆ ಭಾರತೀಯರಿಗೂ ಪ್ರವೇಶ ಪರವಾನಗಿ ಬೇಕು. ಮಂಗಳೂರಿನ ಹಳೇ ಬಂದರಿನಿಂದ ಅಲ್ಲಿಗೆ ಸಾಮಾನಿನ ಹಡಗುಗಳು ಹೋಗುವುದನ್ನು ನೋಡಿ 'ನಾವೂ ಹತ್ತಬಹುದಾ' ಎನ್ನುವವರಿದ್ದಾರೆ, ಪರವಾನಗಿಯಿಲ್ಲದೆ ಆಗದು. ಅಂಡಮಾನಿನಲ್ಲಿ ಆದಿವಾಸಿಗಳಿಗೆ ಮೀಸಲಾದ ದ್ವೀಪಗಳ ಹತ್ತಿರ ಹೋಗುವುದು ಅಪರಾಧ. ಹೊರಗಿನವರು ತಂದ ರೋಗವೇ ಅವರಿಗೆ ಸಾವಾಗಬಹುದು.

ದೋಣಿ ಕೆಟ್ಟು ಅಲ್ಲೇ ಉಳಿದ್ರೆ?

ಕತ್ತಲಾಗುವ ಮುಂಚೆ ಕರೆ ಮಾಡಿ, ನಾಚಿಕೆ ಬೇಡ. ಕರಾವಳಿ ಕಾವಲು ಪೊಲೀಸ್ 1093, ಕೋಸ್ಟ್ ಗಾರ್ಡ್ 1554, ಎರಡೂ ಸಿಗದಿದ್ದರೆ 112. ನೆಟ್‌ವರ್ಕ್ ನಡುಗಡ್ಡೆಯ ಎತ್ತರದ ಜಾಗದಲ್ಲಿ, ದಡದ ಕಡೆ ಮುಖ ಮಾಡಿದಾಗ ಸಿಗುವ ಸಂಭವ ಹೆಚ್ಚು. ಹೊರಡುವಾಗಲೇ ದಡದಲ್ಲಿ ಒಬ್ಬರಿಗೆ ಎಷ್ಟು ಜನ, ಯಾವ ದೋಣಿ, ಎಷ್ಟು ಹೊತ್ತಿಗೆ ವಾಪಸ್ ಎಂದು ಬರೆದುಕೊಟ್ಟಿರಬೇಕು. ದೋಣಿ ನಡುಕಡಲಲ್ಲಿ ನಿಂತರೆ ಲಂಗರು ಹಾಕಿ, ದೋಣಿ ಬಿಟ್ಟು ಈಜಲು ಹೋಗಬೇಡಿ. ಮಗುಚಿದರೂ ಅದನ್ನೇ ಹಿಡಿದಿರಿ. ಹುಡುಕುವವರಿಗೆ ತಲೆಗಿಂತ ದೋಣಿ ಬೇಗ ಕಾಣುತ್ತದೆ.

ನಿಮ್ಮ ಚಿತ್ರದಲ್ಲಿರೋ ಆ ಬಿಳಿ ಮರಳು ಎಲ್ಲಿದೆ? ಲೊಕೇಶನ್ ಕಳಿಸ್ತೀರಾ?

ಕ್ಷಮಿಸಿ, ಕಳಿಸುವುದಿಲ್ಲ. ಅದು ಮೂವತ್ತು ಹೆಜ್ಜೆ ಉದ್ದದ ಜಾಗ. ಹಿಂದೊಮ್ಮೆ ಬೇರೊಂದು ಮರಳ ಪಟ್ಟಿಯ ಹೆಸರು ಬರೆದಿದ್ದೆ. ಎರಡು ಚಳಿಗಾಲ ಕಳೆಯುವುದರೊಳಗೆ ಅಲ್ಲಿ ಒಡೆದ ಬಾಟಲಿಗಳು ಬಿದ್ದಿದ್ದವು, ಮೀನುಗಾರರು ಬಲೆ ಒಣಗಿಸುವ ಜಾಗದಲ್ಲೇ. ಆ ಗಾಜನ್ನು ಆರಿಸಿದ್ದು ಅವರು, ನಾನಲ್ಲ. ನಿಮಗೆ ನೋಡಲೇಬೇಕೆಂದರೆ ಬೆಳಿಗ್ಗೆ ದಕ್ಕೆಗೆ ಬನ್ನಿ, ಬಲೆ ನೇಯುವವರ ಪಕ್ಕ ಕೂತು ಒಂದು ಚಹಾ ಕುಡಿಯಿರಿ, ಯಾವ ಕಡೆ ಹೋಗಬಹುದು ಎಂದು ಅವರನ್ನೇ ಕೇಳಿ. ಕರೆದೊಯ್ಯಬೇಕು ಅನ್ನಿಸಿದರೆ ಕರೆದೊಯ್ಯುತ್ತಾರೆ. ನನ್ನನ್ನೂ ಹಾಗೆಯೇ ಕರೆದೊಯ್ದದ್ದು.